ರಿಪೋರ್ಟಲ್ಲಿ ನಾರ್ಮಲ್, ಕಾಲಡಿಗೆ ಹತ್ತಿ: ದಾವಣಗೆರೆ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ದಾವಣಗೆರೆ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಹಾಗೇ ಈ ಪತ್ರ ಓದ್ತಿರೋ ನಮ್ಮೂರಿನ ಎಲ್ಲರಿಗೂ ನಮಸ್ಕಾರ.

ಸರ್ ಅಥವಾ ಮೇಡಂ, ಆ ಕುರ್ಚಿಯಲ್ಲಿ ಈಗ ಯಾರೇ ಇದ್ರೂ ಈ ಪತ್ರ ನಿಮಗೇ. ನಾನು ಡಾಕ್ಟರ್ ಅಲ್ಲ. ಈ ತಾಲ್ಲೂಕಿನ ಒಂದು ಹೈಸ್ಕೂಲಲ್ಲಿ ಹದಿನೇಳು ವರ್ಷದಿಂದ ಸೈನ್ಸ್ ಪಾಠ ಮಾಡ್ಕೊಂಡಿರೋಳು. ನಮ್ಮವ್ವನ ಕಾಲಿನ ವಿಷಯಕ್ಕೆ ಹೋದ ವರ್ಷ ಪೂರ್ತಿ ಆಸ್ಪತ್ರೆ ಲ್ಯಾಬು ಅಂತ ಅಲೆದಿದ್ದೀನಿ, ಅದರಲ್ಲಿ ನನಗೆ ಗೊತ್ತಾಗಿದ್ದು ನಮ್ಮ ಜಿಲ್ಲೆಯ ಇನ್ನೆಷ್ಟೋ ಮನೆಗೆ ಬೇಕಾದ ವಿಷಯ ಅನ್ನಿಸ್ತು, ಅದಕ್ಕೆ ಈ ವಿಟಮಿನ್ ಬಿ12 ಕೊರತೆ ಬಗ್ಗೆ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಅವ್ವನಿಗೆ ಅರವತ್ನಾಲ್ಕು. ನಿಟುವಳ್ಳಿ ಕಡೆ ನಮ್ಮನೆ. ಅಪ್ಪ ಮಿಲ್ಲಲ್ಲಿ ಸ್ಪಿನ್ನಿಂಗ್ ಖಾತೆಯಲ್ಲಿದ್ದೋರು, ಈ ಊರನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೀತಿದ್ದ ಕಾಲದೋರು, ಮಿಲ್ಲು ಮುಚ್ಚಿದ ಮೇಲೆ ಬಹಳ ದಿನ ಇರ್ಲಿಲ್ಲ. ಅವ್ವ ಅವರಿಗೆ ಬುತ್ತಿ ಕೊಡೋಕೆ ಗೇಟಿಗೆ ಹೋಗಿ ಹೋಗಿ ಹತ್ತಿ ಅಂದ್ರೇನು ಅಂತ ಚೆನ್ನಾಗಿ ಬಲ್ಲೋಳು. ಹೋದ ವರ್ಷ ಸಂಕ್ರಾಂತಿ ಆದ್ಮೇಲೆ ಒಂದಿನ ಬೆಳಗ್ಗೆ ಅಡುಗೆಮನೆಯಲ್ಲಿ ನಿಂತ್ಕೊಂಡು "ಯಾಕೋ ನೆಲದ ಮ್ಯಾಲೆ ಹತ್ತಿ ಹಾಸ್ದಂಗೆ ಆಗೈತಿ ಕಣೇ, ಕಾಲು ಊರಿದ್ದೇ ಗೊತ್ತಾಗವಲ್ದು" ಅಂದ್ಲು. ನಾನು ಚಳಿಗೆ ಇರ್ಬೇಕು ಅಂತ ಸುಮ್ಮನಾದೆ. ಈಗ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ಇದಕ್ಕಿಂತ ಸ್ಪಷ್ಟವಾಗಿ ಆ ಕಾಯಿಲೆನ ಯಾರೂ ಹೇಳೋಕಾಗಲ್ಲ.

ಆಮೇಲೆ ಒಂದೊಂದೇ ಶುರು ಆಯ್ತು. ಬೀದಿಯಲ್ಲಿ ನಡೀವಾಗ ಎಡಗಾಲಿನ ಚಪ್ಪಲಿ ಜಾರಿ ಹಿಂದೆ ಬಿದ್ದಿರೋದು, ಅವ್ವ ಬರಿಗಾಲಲ್ಲಿ ಹತ್ತು ಹೆಜ್ಜೆ ಮುಂದೆ ಹೋಗಿರೋಳು, ಹಿಂದಿಂದ ಯಾರೋ ಕೂಗಿ ಹೇಳೋರು. ಮುಖ ತೊಳೆಯುವಾಗ ಸೋಪು ಹಚ್ಚಿ ಕಣ್ಣು ಮುಚ್ಚಿದ್ರೆ ಸಾಕು, ವಾಲಿ ಗೋಡೆ ಹಿಡ್ಕೊಳ್ಳೋಳು. ರಾತ್ರಿ ಕರೆಂಟ್ ಹೋದ್ರೆ ಬಚ್ಚಲಿಗೆ ಹೋಗೋಕೆ ಭಯ. ಕಣ್ಣಲ್ಲಿ ನೆಲ ನೋಡ್ತಿದ್ರೆ ಮಾತ್ರ ನಡಿಗೆ ಸರಿ.

ತೋರಿಸಿದ್ವಿ. ಎಲ್ಲಿ ತೋರಿಸಿದ್ವಿ ಅನ್ನೋದು ಬೇಡ, ಅವರ ಹೆಸರು ಹೇಳಿ ನನಗೇನೂ ಆಗ್ಬೇಕಾಗಿಲ್ಲ. ಅವ್ವನಿಗೆ ಒಂಬತ್ತು ವರ್ಷದಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ಮಾತ್ರೆ ನಡೀತಿದೆ, ಹಂಗಾಗಿ ನೋಡಿದ ತಕ್ಷಣ "ಶುಗರ್ ನರಕ್ಕೆ ಹೋಗಿದೆ" ಅಂದ್ರು. ಹಿಮೋಗ್ಲೋಬಿನ್ 10.2 ಇತ್ತು, ಅದಕ್ಕೆ ಐರನ್ ಮಾತ್ರೆ, ಜೊತೆಗೆ 5 ಮಿಲಿಗ್ರಾಂ ಫೋಲಿಕ್ ಆಸಿಡ್. ನಾನೇ ಕೇಳಿ ಬಿ12 ಟೆಸ್ಟ್ ಮಾಡಿಸ್ದೆ. 236 ಬಂತು. ಆ ಲ್ಯಾಬಿನ ಹಾಳೆಯಲ್ಲಿ 200ರ ಮೇಲಿದ್ರೆ ನಾರ್ಮಲ್. ಹಾಳೆ ನೋಡಿದೋರು "ಬಿ12 ಸರಿ ಇದೆ, ಅದಲ್ಲ" ಅಂತ ಅಂದ್ರು, ನಾನೂ ನಂಬಿದೆ. ಎರಡು ತಿಂಗಳಲ್ಲಿ ಹಿಮೋಗ್ಲೋಬಿನ್ 11.6ಕ್ಕೆ ಏರಿತು, ಎಲ್ಲರಿಗೂ ಸಮಾಧಾನ, ಆದ್ರೆ ಅವ್ವನ ಹತ್ತಿ ಪಾದದಿಂದ ಮೇಲಕ್ಕೇರಿ ಮೊಣಕಾಲಿನ ಕೆಳಗೆ ಬಂದು ನಿಂತಿತ್ತು.

ಕಾಯಿಲೆ ಯಾವುದು ಅಂತ ಸಿಕ್ಕಿದ್ದು ಒಂದು ಟ್ಯೂನಿಂಗ್ ಫೋರ್ಕಿಂದ. ನಾವು ಪಾಠದಲ್ಲಿ ಶ್ರುತಿಕವೆ ಅಂತೀವಲ್ಲ, ಶಬ್ದದ ಅಧ್ಯಾಯಕ್ಕೆ ಪ್ರತಿ ವರ್ಷ ನಾನೇ ಮಕ್ಕಳ ಮುಂದೆ ರಬ್ಬರ್ ಪ್ಯಾಡಿಗೆ ಬಡಿದು ತೋರಿಸ್ತೀನಿ, ಅದೇ. ಸಂಬಂಧಿಕರೊಬ್ಬರು ಹೇಳಿದ್ರು ಅಂತ ಬೇರೆ ಒಬ್ಬ ವಯಸ್ಸಾದ ಡಾಕ್ಟರ್ ಹತ್ರ ಹೋದ್ವಿ. ಅವರು ರಿಪೋರ್ಟ್ ಫೈಲ್ ತೆಗೀಲೇ ಇಲ್ಲ, ಅವ್ವನ್ನ ಮಂಚದ ಮೇಲೆ ಕೂರಿಸಿ ಕಣ್ಣು ಮುಚ್ಚಿಸಿ, ಸೆಕೆಂಡಿಗೆ 128 ಸಲ ಕಂಪಿಸೋ ಫೋರ್ಕ್ ಬಡಿದು ಕಾಲಿನ ಹೆಬ್ಬೆರಳ ಗಂಟಿಗೆ ಇಟ್ರು. "ಏನು ಗೊತ್ತಾಗ್ತದೆ ಅಮ್ಮ?" "ತಣ್ಣಗೈತಿ." "ಝುಂ ಅಂತದಾ?" "ಇಲ್ಲ." ಹಿಮ್ಮಡಿ ಗಂಟಿಗೆ ಇಟ್ರು, ಇಲ್ಲ. ಮೊಣಕಾಲ ಚಿಪ್ಪಿಗೆ ಇಟ್ಟಾಗ ಅವ್ವ ಬೆಚ್ಚಿ "ಹೂಂ ಈಗ, ಈಗ ಗುಂಯ್ ಅಂತೈತಿ" ಅಂದ್ಲು. ಆಮೇಲೆ ಹೆಬ್ಬೆರಳನ್ನ ಮೇಲೆ ಕೆಳಗೆ ಮಾಡಿ ಎತ್ತ ಕಡೆ ಇದೆ ಹೇಳಿ ಅಂದ್ರು, ಅವ್ವ ನಾಲ್ಕರಲ್ಲಿ ಮೂರು ಸಲ ತಪ್ಪು ಹೇಳಿದ್ಲು. ಎದ್ದು ನಿಲ್ಲಿಸಿ ಕಣ್ಣು ಮುಚ್ಚಿಸಿದ್ರು, ಬೀಳೋಳೇ, ನಾನು ಹಿಡ್ಕೊಂಡೆ. ಇದಿಷ್ಟಕ್ಕೆ ಹತ್ತು ನಿಮಿಷನೂ ಆಗ್ಲಿಲ್ಲ. "ಬೆನ್ನುಹುರಿಯ ಹಿಂಭಾಗದ ನರ ಇದು, ಬರೀ ಶುಗರ್ ಅಂತ ಬಿಡೋ ಹಾಗಿಲ್ಲ, ಬಿ12 236 ಅಂದ್ರೆ ಅದು ಹೌದೂ ಅಲ್ಲ ಇಲ್ಲವೂ ಅಲ್ಲ, ಹೋಮೋಸಿಸ್ಟೀನ್ ಮತ್ತೆ ಮೀಥೈಲ್‌ಮೆಲೋನಿಕ್ ಆಸಿಡ್ ಮಾಡಿಸಿ" ಅಂತ ಚೀಟಿ ಬರೆದ್ರು.

ಈ ಎರಡು ಹೆಸರು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನಕ್ಕೆ ಗೊತ್ತು ಹೇಳಿ. ನಾನು ಸೈನ್ಸ್ ಓದಿದೋಳು, ನನಗೇ ಒಂದು ಮಾತ್ರ ಎಲ್ಲೋ ಕೇಳಿದ್ದ ನೆನಪು.

ನಮ್ಮ ಕಡೆಯೋರಿಗೆ ಭದ್ರಾ ನಾಲೆ ಲೆಕ್ಕದಲ್ಲಿ ಹೇಳಿದ್ರೆ ಇದು ಬೇಗ ಅರ್ಥ ಆಗುತ್ತೆ. ನಾಲೆಯ ತೂಬು ಎತ್ತದಿದ್ರೆ ಏನಾಗುತ್ತೆ, ಮೇಲುಗಡೆ ನೀರು ತುಂಬಿ ಏರಿ ಪಕ್ಕದ ಹೊಲಕ್ಕೆ ನುಗ್ಗುತ್ತೆ, ಕೆಳಗಡೆ ಕೊನೆ ಭಾಗದ ರೈತ ಒಣಗಿದ ಗದ್ದೆ ಹತ್ರ ನಿಂತಿರ್ತಾನೆ. ನಾವು ತಿನ್ನೋ ಬೇಳೆ ಹಾಲು ಕಾಳಿನ ಪ್ರೋಟೀನಲ್ಲಿ ಮೆಥಿಯೋನಿನ್ ಅಂತ ಒಂದು ಅಮೈನೋ ಆಮ್ಲ ಇದೆ, ದೇಹ ಅದನ್ನ ಬಳಸಿದ ಮೇಲೆ ಅದು ಹೋಮೋಸಿಸ್ಟೀನ್ ಆಗುತ್ತೆ, ಅದು ವಾಪಸ್ ಮೆಥಿಯೋನಿನ್ ಆಗೋಕೆ ಒಂದು ತೂಬು ದಾಟ್ಬೇಕು, ಆ ತೂಬಿನ ಕೀಲಿ ಬಿ12, ಜೊತೆಗೆ ಫೋಲೇಟ್ (ಮಾತ್ರೆಯಲ್ಲಿ ಫೋಲಿಕ್ ಆಸಿಡ್ ಅಂತ ಬರೋ ವಿಟಮಿನ್) ಕೂಡ ಬೇಕು. ಇನ್ನೊಂದು ತೂಬು ಜೀವಕೋಶದ ಒಳಗೆ ಮೈಟೋಕಾಂಡ್ರಿಯಾದಲ್ಲಿದೆ. ವ್ಯಾಲಿನ್, ಐಸೋಲ್ಯೂಸಿನ್, ಥ್ರಿಯೋನಿನ್, ಮೆಥಿಯೋನಿನ್ ಈ ಅಮೈನೋ ಆಮ್ಲಗಳು ಮತ್ತೆ ಕೆಲವು ಕೊಬ್ಬು ಒಡೆದು ಒಡೆದು ಕೊನೆಗೆ ಅಲ್ಲಿಗೆ ಬರ್ತವೆ, ಅಲ್ಲೂ ಕೀಲಿ ಬಿ12. ಕೀಲಿ ಇಲ್ದಿದ್ರೆ ಹರಿಯೋಕೆ ಜಾಗ ಇಲ್ಲದೆ ಮೀಥೈಲ್‌ಮೆಲೋನಿಕ್ ಆಸಿಡ್ ಆಗಿ ರಕ್ತಕ್ಕೂ ಮೂತ್ರಕ್ಕೂ ಬಂದು ತುಂಬ್ಕೊಳ್ಳುತ್ತೆ. ಮನುಷ್ಯರ ಮೈಯಲ್ಲಿ ಬಿ12 ಬೇಕಾಗಿರೋ ತೂಬು ಈ ಎರಡೇ. ನಾವು ಸಾಮಾನ್ಯವಾಗಿ ಮಾಡಿಸೋ ಬಿ12 ಟೆಸ್ಟ್ ಅಂದ್ರೆ ಉಗ್ರಾಣದಲ್ಲಿ ಕೀಲಿ ಎಷ್ಟಿವೆ ಅಂತ ಎಣಿಸಿದ ಹಾಗೆ, ಅದರಲ್ಲೂ ರಕ್ತದಲ್ಲಿರೋ ಬಿ12ನಲ್ಲಿ ಸುಮಾರು 80% ಹ್ಯಾಪ್ಟೋಕೊರಿನ್ ಅನ್ನೋ ಪ್ರೋಟೀನಿಗೆ ಅಂಟ್ಕೊಂಡಿರುತ್ತೆ, ಅದನ್ನ ನರಕ್ಕಾಗಲಿ ಮೂಳೆಮಜ್ಜೆಗಾಗಲಿ ತಗೊಳ್ಳೋಕೆ ಆಗಲ್ಲ. ಕೀಲಿ ಎಣಿಕೆ ಸಾಕಷ್ಟಿದ್ರೂ ತೂಬು ಮುಚ್ಚೇ ಇರಬಹುದು. ಹೋಮೋಸಿಸ್ಟೀನು ಮೀಥೈಲ್‌ಮೆಲೋನಿಕ್ಕು ನೋಡೋದು ಅಂದ್ರೆ ನಾಲೆ ಹತ್ರನೇ ಹೋಗಿ ನೀರು ಕಟ್ಕೊಂಡಿದೆಯಾ ಅಂತ ಕಣ್ಣಾರೆ ನೋಡಿದ ಹಾಗೆ.

ಅವ್ವಂದು ಹೋಮೋಸಿಸ್ಟೀನ್ 41. ಇರ್ಬೇಕಾಗಿದ್ದು 15ರ ಒಳಗೆ. ಮೀಥೈಲ್‌ಮೆಲೋನಿಕ್ ಆಸಿಡ್ 2.1, ಇರ್ಬೇಕಾಗಿದ್ದು 0.4ರ ಒಳಗೆ. ಕಿಡ್ನಿ ಕೆಲಸ ಕಮ್ಮಿ ಆದ್ರೂ ಇವೆರಡೂ ಏರ್ತವೆ ಅಂತ ಡಾಕ್ಟರ್ ಮೊದಲೇ ಹೇಳಿದ್ರು, ಅದಕ್ಕೆ ಕ್ರಿಯೇಟಿನಿನ್ ನೋಡಿದ್ರೆ ಅದು ಸರಿಯಾಗೇ ಇತ್ತು. ಹೋಮೋಸಿಸ್ಟೀನ್ ಒಂದೇ ಏರಿದ್ರೆ ಅದು ಫೋಲೇಟ್ ಕೊರತೆ ಇರಬಹುದು, ಬಿ6 ಇರಬಹುದು, ಥೈರಾಯ್ಡ್ ಕಮ್ಮಿ ಇರಬಹುದು, ಆದ್ರೆ ಮೀಥೈಲ್‌ಮೆಲೋನಿಕ್ ಫೋಲೇಟ್ ಕೊರತೆಗೆ ಏರಲ್ಲ. ಹಂಗಾಗಿ ಎರಡೂ ಏರಿ ಕಿಡ್ನಿನೂ ಸರಿ ಇದ್ರೆ ಬೆರಳು ನೇರವಾಗಿ ಬಿ12 ಕಡೆಗೇ ತೋರಿಸುತ್ತೆ. 236 ಅನ್ನೋ ನಂಬರಿನ ಹಿಂದೆ ಎಂಟು ತಿಂಗಳು ಅವಿತ್ಕೊಂಡಿದ್ದ ಕಾಯಿಲೆ ಇದು ಸರ್.

ಇದೇನು ಹೊಸ ವಿದ್ಯೆನೂ ಅಲ್ಲ. ಬಿ12 ಕೊರತೆ ಇರೋರ ಮೂತ್ರದಲ್ಲಿ ಮೀಥೈಲ್‌ಮೆಲೋನಿಕ್ ಜಾಸ್ತಿ ಇರುತ್ತೆ ಅಂತ ಗೊತ್ತಾಗಿದ್ದು 1962ರಲ್ಲಿ. ಅದಕ್ಕಿಂತ ಹಿಂದಿನ ಒಂದು ಕಥೆ ಓದಿದಾಗಂತೂ ನನಗೆ ಅಪ್ಪನ ನೆನಪಾಯ್ತು. 1928ರಲ್ಲಿ ಲೂಸಿ ವಿಲ್ಸ್ ಅನ್ನೋ ಇಂಗ್ಲೆಂಡಿನ ಡಾಕ್ಟರ್ ಬಾಂಬೆಗೆ ಬಂದು ಅಲ್ಲಿಯ ಜವಳಿ ಮಿಲ್ ಕೆಲಸದ ಬಸುರಿ ಹೆಂಗಸರಿಗೆ ಬರ್ತಿದ್ದ ರಕ್ತಹೀನತೆ ಯಾಕೆ ಅಂತ ಹುಡುಕಿದ್ರು, ಯೀಸ್ಟಿನ ಸಾರ ಮಾರ್ಮೈಟ್ ಕೊಟ್ಟಾಗ ವಾಸಿ ಆಗುತ್ತೆ ಅಂತ 1931ರಲ್ಲಿ ಬರೆದ್ರು. ಅದರಲ್ಲಿದ್ದಿದ್ದೇ ಮುಂದೆ ಫೋಲೇಟ್ ಅಂತ ಹೆಸರಾಗಿದ್ದು. ಇವತ್ತು ಜಗತ್ತಿನ ಬಸುರಿಯರೆಲ್ಲ ನುಂಗೋ ಫೋಲಿಕ್ ಮಾತ್ರೆಯ ಬೇರು ನಮ್ಮ ದೇಶದ ಮಿಲ್ ಹೆಂಗಸರ ರಕ್ತದಲ್ಲಿದೆ. ಆಮೇಲೆ 1940ರ ದಶಕದ ಕೊನೆಗೆ ಇನ್ನೊಂದು ಪಾಠನೂ ಸಿಕ್ತು: ಬಿ12 ಕೊರತೆ ಇರೋರಿಗೆ ಬರೀ ಫೋಲಿಕ್ ಆಸಿಡ್ ಕೊಟ್ರೆ ರಕ್ತ ಸುಧಾರಿಸುತ್ತೆ, ನರ ಹಾಳಾಗ್ತಾನೇ ಇರುತ್ತೆ. ಅವ್ವನ ಹಿಮೋಗ್ಲೋಬಿನ್ ಏರಿ ಕಾಲು ಕೆಟ್ಟಿದ್ದು ಅದೇ ಪಾಠ, ಎಪ್ಪತ್ತು ವರ್ಷಕ್ಕಿಂತ ಹಳೇದು.

ಇನ್ನೊಂದು ಮರೆ ಇದೆ, ಇದು ನಮ್ಮಂಥ ಊರುಗಳಲ್ಲಿ ಬಹಳ. ಬಿ12 ಕಮ್ಮಿ ಆದ್ರೆ ಕೆಂಪು ರಕ್ತಕಣ ದೊಡ್ಡದಾಗ್ತವೆ, ಐರನ್ ಕಮ್ಮಿ ಆದ್ರೆ ಸಣ್ಣದಾಗ್ತವೆ, ಎರಡೂ ಕಮ್ಮಿ ಇದ್ರೆ ಸರಾಸರಿ ನಾರ್ಮಲ್ ಬರುತ್ತೆ. ಅವ್ವನ ಕಣದ ಗಾತ್ರ 88. ಪುಸ್ತಕದ ಪ್ರಕಾರ ಬಹಳ ಚೆನ್ನಾಗಿದೆ.

ಈಗ ನಮ್ಮ ಊಟದ ವಿಷಯ. ಇದನ್ನ ಯಾರಿಗೂ ಬೇಜಾರಾಗದ ಹಾಗೆ ಹೇಳ್ಬೇಕು ಅನ್ನೋ ಆಸೆ ನನಗಿದೆ. ಬಿ12 ತಯಾರು ಮಾಡೋಕೆ ಬರೋದು ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳಿಗೆ ಮಾತ್ರ. ಗಿಡಕ್ಕೂ ಬರಲ್ಲ ಪ್ರಾಣಿಗೂ ಬರಲ್ಲ. ಹಸು ಎಮ್ಮೆಯ ಹೊಟ್ಟೆಯಲ್ಲಿರೋ ಬ್ಯಾಕ್ಟೀರಿಯಾ ಮೇವಿನ ಕೋಬಾಲ್ಟಿಂದ ಮಾಡ್ತವೆ, ಅದು ಹಾಲಿಗೆ ಬರುತ್ತೆ, ಮಾಂಸಕ್ಕೆ ಬರುತ್ತೆ. ಜೋಳ ರಾಗಿ ಅಕ್ಕಿ ಬೇಳೆ ಸೊಪ್ಪು ಇದ್ಯಾವುದರಲ್ಲೂ ಇಲ್ಲ. ಹುದುಗಿಸಿದ ಹಿಟ್ಟಲ್ಲಿ ಬಿ12 ಇರುತ್ತೆ, ಹಂಗಾಗಿ ನಮ್ಮ ಬೆಣ್ಣೆದೋಸೆ ತಿಂದ್ರೆ ಸಾಕು ಅಂತ ನನಗೆ ಒಬ್ಬರಲ್ಲ ಮೂರು ಜನ ಹೇಳಿದ್ರು. ದೋಸೆ ಹಿಟ್ಟನ್ನ ನಂಬ್ಕೊಂಡು ಕೂರೋ ಹಾಗಿಲ್ಲ, ಬೆಣ್ಣೆಯಲ್ಲಿ ಇರೋದಂತೂ ಹೆಸರಿಗೆ ಮಾತ್ರ. ಸ್ಪಿರುಲಿನಾ ಅನ್ನೋ ಪಾಚಿಯ ಮಾತ್ರೆಯಲ್ಲಿರೋದು ಬಹುಪಾಲು ನಮ್ಮ ಮೈಗೆ ಹಿಡಿಯದ ನಕಲಿ ರೂಪ. ಹಾಲು ಮೊಸರು ಮಜ್ಜಿಗೆ ನಿಜವಾದ ಮೂಲ, 100 ಎಂಎಲ್ ಹಾಲಲ್ಲಿ ಸುಮಾರು ಅರ್ಧ ಮೈಕ್ರೋಗ್ರಾಂ ಸಿಗುತ್ತೆ, ದಿನಕ್ಕೆ ದೊಡ್ಡೋರಿಗೆ ಬೇಕಾಗಿರೋದು ಎರಡು ಚಿಲ್ಲರೆ ಮೈಕ್ರೋಗ್ರಾಂ. ಲೆಕ್ಕ ಹಾಕಿ, ಅರ್ಧ ಲೀಟರ್ ಹತ್ರ ಹಾಲು ದಿನಾ ಯಾರ ಮನೆಯಲ್ಲಿ ಒಬ್ಬೊಬ್ಬರಿಗೂ ಸಿಗುತ್ತೆ? ನಮ್ಮನೆಯಲ್ಲಿ ಅವ್ವ ಎಲ್ಲರಿಗೂ ಹಾಕಿ ಉಳಿದಿದ್ದನ್ನ ಟೀಗೆ ಹಾಕ್ಕೊಳ್ಳೋಳು. ಅಷ್ಟೇ ಅವಳ ಪಾಲು, ಜೀವನ ಪೂರ್ತಿ.

ಮನೆಗೆ ಮೊಟ್ಟೆ ಬರಲ್ಲ ನಮ್ಮಲ್ಲಿ. ಅವ್ವನಿಗೆ ಈ ವಯಸ್ಸಲ್ಲಿ ಮೊಟ್ಟೆ ತಿನ್ನು ಅಂತ ನಾನೂ ಹೇಳಲ್ಲ, ಯಾರೂ ಹೇಳ್ಬೇಕಾಗಿಲ್ಲ, ಯಾಕಂದ್ರೆ ಬಿ12 ಮಾತ್ರೆ ಇಂಜೆಕ್ಷನ್ ತಯಾರಾಗೋದು ಬ್ಯಾಕ್ಟೀರಿಯಾ ಹುದುಗಿಸಿ. ಅದರಲ್ಲಿ ಪ್ರಾಣಿದು ಏನೂ ಬೇಕಾಗಿಲ್ಲ ಅಂತ ಬಿಡಿಸಿ ಹೇಳಿದ ಮೇಲೇನೇ ಅವ್ವ ಮನಸ್ಸು ಬಿಚ್ಚಿ ತಗೊಂಡಿದ್ದು. ದಯವಿಟ್ಟು ಆಶಾ ಕಾರ್ಯಕರ್ತೆಯರಿಗೆ ಈ ಒಂದು ಮಾತು ಹೇಳಿಕೊಡಿ, ಎಷ್ಟೋ ಮನೆ ಬಾಗಿಲು ಈ ಮಾತಿಗೇ ತೆರೀತವೆ. ಹಾಗಂತ ಮಾಂಸ ತಿನ್ನೋರಿಗೆ ಬರಲ್ಲ ಅಂತನೂ ಅಲ್ಲ, ವಾರಕ್ಕೊಂದು ದಿನ ಎರಡು ತುಂಡು ತಿಂದು ಉಳಿದ ದಿನ ಅನ್ನ ಸಾರಲ್ಲೇ ಕಳೆಯೋರು ನಮ್ಮೂರಲ್ಲಿ ಕಮ್ಮಿ ಇಲ್ಲ. ವಯಸ್ಸಾದಂಗೆ ಹೊಟ್ಟೆಯ ಆಸಿಡ್ ಕಮ್ಮಿ ಆಗುತ್ತೆ, ಗ್ಯಾಸಿಗೆ ಅಂತ ಪ್ಯಾಂಟೊಪ್ರಜೋಲ್ ವರ್ಷಗಟ್ಟಲೆ ನುಂಗ್ತೀವಿ, ಶುಗರಿಗೆ ಮೆಟ್‌ಫಾರ್ಮಿನ್ ನುಂಗ್ತೀವಿ, ಇವೆಲ್ಲ ಊಟದಲ್ಲಿರೋ ಬಿ12 ಮೈಗೆ ಹತ್ತೋದನ್ನ ತಡೀತವೆ. ಮೆಟ್‌ಫಾರ್ಮಿನ್ ಒಳ್ಳೆ ಮಾತ್ರೆ, ಯಾರೂ ಈ ಪತ್ರ ಓದಿ ನಿಲ್ಲಿಸ್ಬೇಡಿ. ಅದರ ಜೊತೆಗೆ ಬಿ12 ಕಡೆನೂ ಒಂದು ಕಣ್ಣಿಡಿ ಅಂತ ಹೇಳ್ತಿದ್ದೀನಿ ಅಷ್ಟೇ.

ಪುಣೆಯಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತೆ ಅವರ ಜೊತೆಗಾರರು ಹಳ್ಳಿ, ಸ್ಲಮ್ಮು, ನಗರದ ಮಧ್ಯಮವರ್ಗ ಹೀಗೆ ಮೂರೂ ಕಡೆಯಿಂದ 441 ನಡುವಯಸ್ಸಿನ ಗಂಡಸರ ರಕ್ತ ನೋಡಿ 2006ರಲ್ಲಿ ಬರೆದಿದ್ದಾರೆ: 67% ಜನಕ್ಕೆ ಬಿ12 ಕಮ್ಮಿ, 58% ಜನಕ್ಕೆ ಹೋಮೋಸಿಸ್ಟೀನ್ ಜಾಸ್ತಿ. ಪುಣೆ ಬೇರೆ ದಾವಣಗೆರೆ ಬೇರೆ ಅನ್ನಬಹುದು. ಜೋಳದ ರೊಟ್ಟಿ, ಬೇಳೆ, ಪಲ್ಯ, ಒಂದು ಲೋಟ ಟೀ, ತಟ್ಟೆ ಅಷ್ಟೇನೂ ಬೇರೆ ಇಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೋರು ಬಸುರಿಯರಿಗೆ ದಿನಾ 50 ಮೈಕ್ರೋಗ್ರಾಂ ಬಿ12 ಮಾತ್ರೆ ಕೊಟ್ಟು ನೋಡಿದ್ರು, 2014ರಲ್ಲಿ ಅದರ ವರದಿ ಬಂತು. ತಾಯಿಯ ಹಾಲಲ್ಲಿ ಬಿ12 ಏರಿತು, ಹುಟ್ಟಿದ ಕೂಸಿನ ರಕ್ತದಲ್ಲಿ ಬಿ12 ಏರಿ ಮೀಥೈಲ್‌ಮೆಲೋನಿಕ್ಕು ಹೋಮೋಸಿಸ್ಟೀನು ಎರಡೂ ಇಳಿದವು. ಕೂಸು ತಾನೇನು ಹೇಳುತ್ತೆ ಸರ್? ಅದರ ರಕ್ತದಲ್ಲಿರೋ ಈ ಆಸಿಡ್ಡೇ ಅದರ ಬಾಯಿ. ಬರೀ ಎದೆಹಾಲು ಕುಡಿಯೋ ಕೂಸುಗಳು ಆರು ತಿಂಗಳಾದ ಮೇಲೆ ಮಂಕಾಗೋದು, ಮೈ ಕಪ್ಪಾಗೋದು, ಕೈ ನಡುಗೋದು, ಕೂರೋದು ಕಲ್ತಿದ್ದು ಮರೆತುಹೋಗೋದು, ಇದನ್ನ ಮಕ್ಕಳ ಡಾಕ್ಟರ್‌ಗಳು ಬಹಳ ವರ್ಷದಿಂದ ನೋಡ್ತಿದ್ದಾರೆ, ಬಹಳ ಸಲ ಅದರ ಹಿಂದೆ ಇರೋದು ತಾಯಿಯ ಬಿ12 ಕೊರತೆ. ನಮ್ಮಲ್ಲಿ ದೃಷ್ಟಿ ತೆಗೀತಾರೆ, ತಾಯತ ಕಟ್ತಾರೆ. ಅವರನ್ನ ಬೈಯೋಕೆ ನನಗೆ ಮನಸ್ಸಿಲ್ಲ, ಹೇಳೋರು ಇರ್ಲಿಲ್ಲ ಅವರಿಗೆ.

ಇನ್ನು ಶಾಲೆ. ವಾರಕ್ಕೊಂದು ದಿನ ನೀಲಿ ಮಾತ್ರೆ ಕೊಡೋಳು ನಾನೇ. ಊಟ ಆದ್ಮೇಲೆ ಸಾಲಾಗಿ ನಿಲ್ಲಿಸಿ ನನ್ನ ಕಣ್ಣೆದುರೇ ನುಂಗಿಸ್ಬೇಕು. 60 ಮಿಲಿಗ್ರಾಂ ಐರನ್, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಬಸುರಿಯರಿಗೆ ದಿನಾ ಕೊಡೋ ಮಾತ್ರೆಯಲ್ಲೂ ಇಷ್ಟೇ, ಬಿ12 ಇಲ್ಲ. ಆ ಮಾತ್ರೆ ಬೇಕು, ಹುಡುಗಿಯರ ಮುಖದ ಬಣ್ಣ ಬದಲಾಗಿದ್ದನ್ನ ನಾನೇ ನೋಡಿದ್ದೀನಿ, ಅದರ ಬಗ್ಗೆ ಒಂದು ಮಾತು ಕೆಟ್ಟದಾಗಿ ಆಡಲ್ಲ. ಆದ್ರೆ ಎರಡು ಕೀಲಿ ಬೇಕಾಗಿರೋ ಕಡೆ ಒಂದನ್ನೇ ಕೊಡ್ತಿದ್ದೀವಿ. 2013ರಲ್ಲಿ ಶುರುವಾದ ಕ್ಷೀರಭಾಗ್ಯದಲ್ಲಿ ಮಕ್ಕಳಿಗೆ 150 ಎಂಎಲ್ ಹಾಲು ಸಿಗ್ತಿದೆ, ಅದು ನಿಜವಾಗ್ಲೂ ದೊಡ್ಡ ಕೆಲಸ. ಮೊಟ್ಟೆ ಕೊಡೋ ದಿನ ಮೊಟ್ಟೆ ತಿನ್ನೋ ಮಗುಗೆ ಅರ್ಧ ಮೈಕ್ರೋಗ್ರಾಂ ಮೇಲೆ ಸಿಗುತ್ತೆ. ಬೇಡ ಅನ್ನೋ ಮಗುಗೆ ಬಾಳೆಹಣ್ಣು, ಮುಂಚೆ ಚಿಕ್ಕಿನೂ ಇತ್ತು. ಬಾಳೆಹಣ್ಣಲ್ಲೂ ಚಿಕ್ಕಿಯಲ್ಲೂ ಬಿ12 ಸೊನ್ನೆ, ಅಂದ್ರೆ ಮನೆಯಲ್ಲೂ ಮೊಟ್ಟೆ ಇಲ್ಲದ, ಜಾಸ್ತಿ ಬೇಕಾಗಿರೋ ಮಗುಗೇ ಇಲ್ಲೂ ಸಿಗ್ತಿಲ್ಲ. ಆ ಮಗುಗೆ ಬಾಳೆಹಣ್ಣಿನ ಬದಲು ಇನ್ನೊಂದು ಲೋಟ ಹಾಲೋ ಒಂದು ಬಟ್ಟಲು ಮೊಸರೋ ಕೊಡೋಕೆ ಆಗುತ್ತಾ ಅಂತ ನಿಮ್ಮ ಇಲಾಖೆ ಶಿಕ್ಷಣ ಇಲಾಖೆಗೆ ಒಂದು ಪತ್ರ ಬರೆದ್ರೆ ಸಾಕು, ಅದರ ತೂಕ ನನ್ನ ಪತ್ರಕ್ಕೆ ಬರಲ್ಲ. ಸಾರವರ್ಧಿತ, ಅಂದ್ರೆ ವಿಟಮಿನ್ ಸೇರಿಸಿದ ಅಕ್ಕಿಯಲ್ಲಿ ಬಿ12 ಇರುತ್ತಲ್ಲ ಅನ್ನಬಹುದು. ಅದರ ಮಾನದಂಡ ಕೆಜಿಗೆ 0.75ರಿಂದ 1.25 ಮೈಕ್ರೋಗ್ರಾಂ. ಒಬ್ಬರು ತಿಂಗಳಿಗೆ ಐದು ಕೆಜಿ ತಿಂದ್ರೆ ದಿನಕ್ಕೆ ಹೆಚ್ಚಂದ್ರೆ ಸುಮಾರು 0.2 ಮೈಕ್ರೋಗ್ರಾಂ ಅಷ್ಟೇ.

ನಾನು ನಿಮ್ಮ ಹತ್ರ ಕೇಳೋದು ಏನು ಅಂದ್ರೆ.

ಎಲ್ಲರಿಗೂ ಈ ದುಬಾರಿ ಟೆಸ್ಟ್ ಮಾಡಿ ಅಂತ ಕೇಳ್ತಿಲ್ಲ. ಮೀಥೈಲ್‌ಮೆಲೋನಿಕ್ ಅಳೆಯೋಕೆ ಮಾಸ್ ಸ್ಪೆಕ್ಟ್ರೋಮೀಟರ್ ಅನ್ನೋ ದೊಡ್ಡ ಯಂತ್ರ ಬೇಕು, ಅದನ್ನ ಪ್ರತಿ ಜಿಲ್ಲೆಯಲ್ಲಿ ಇಡಿ ಅನ್ನೋದು ಅನ್ಯಾಯದ ಮಾತು. ಆದ್ರೆ ಬಿ12 200ರಿಂದ 300ರ ನಡುವೆ ಬಂದು ಕಾಲು ಜೋಮು, ಮರೆವು, ಬ್ಯಾಲೆನ್ಸ್ ತಪ್ಪೋದು ಇದೆ ಅನ್ನೋರಿಗೆ ಜಿಲ್ಲಾ ಮಟ್ಟದಲ್ಲಿ ಒಂದು ದಾರಿ ಬೇಕು. ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಬರೆದುಕೊಟ್ರೆ ಸ್ಯಾಂಪಲ್ ಬೆಂಗಳೂರಿಗೆ ಹೋಗಿ ಬರಬೇಕು, ಬಡವರಿಗೆ ಅದರ ಖರ್ಚು ಬೀಳಬಾರದು. ನಾನು ಸಂಬಳದಲ್ಲಿ ಕೊಟ್ಟೆ. ಜಗಳೂರಿಂದ ಬೆಳಗಿನ ಬಸ್ಸಿಗೆ ಬರೋ ಕೂಲಿ ಹೆಂಗಸು ಎಲ್ಲಿಂದ ತರ್ತಾಳೆ?

ಹೋಮೋಸಿಸ್ಟೀನ್ ಟೆಸ್ಟ್ ಇಲ್ಲೇ ಮಾಡೋಕೆ ಆಗುತ್ತೆ, ಅದಕ್ಕೆ ಅಂಥ ಯಂತ್ರ ಬೇಡ. ಆದ್ರೆ ರಕ್ತ ತೆಗೆದ ಮೇಲೆ ನೋಡ್ಕೊಳ್ಳೋ ರೀತಿ ಸರಿ ಇರ್ಬೇಕು, ಇದನ್ನ ನಾನು ಕಣ್ಣಾರೆ ನೋಡಿದ್ದಕ್ಕೆ ಹೇಳ್ತಿದ್ದೀನಿ. ಅವ್ವನ ವಿಷಯ ಕೇಳಿ ನಮ್ಮ ಚಿಕ್ಕಮ್ಮನ ಮಗನೂ ಏಪ್ರಿಲಲ್ಲಿ ಒಂದು ಕಲೆಕ್ಷನ್ ಸೆಂಟರಲ್ಲಿ ಮಾಡಿಸ್ದ. ರಕ್ತ ತೆಗೆದ ಟ್ಯೂಬು ಕಿಟಕಿ ಪಕ್ಕದ ಸ್ಟ್ಯಾಂಡಲ್ಲಿ ಸುಮ್ಮನೆ ನಿಂತಿತ್ತು, ಹೊರಗೆ ನಮ್ಮೂರ ಏಪ್ರಿಲ್ ಬಿಸಿಲು, ಮಧ್ಯಾಹ್ನ ಹುಡುಗ ಬಂದು ಬ್ಯಾಗಿಗೆ ಹಾಕ್ಕೊಂಡು ಹೋದ. 18.6 ಬಂತು, ಮನೆಯಲ್ಲಿ ಗಾಬರಿ. ಟ್ಯೂಬಲ್ಲಿರೋ ಕೆಂಪು ರಕ್ತಕಣಗಳು ಸತ್ತಿರಲ್ಲ, ಹೋಮೋಸಿಸ್ಟೀನ್ ಹೊರಗೆ ಬಿಡ್ತಾನೇ ಇರ್ತವೆ, ಹಾಗೇ ಇಟ್ರೆ ಗಂಟೆಗೆ ಸುಮಾರು 10% ಏರುತ್ತೆ. ಮತ್ತೆ ಬೇರೆ ಕಡೆ ಹೋಗಿ, ಟ್ಯೂಬನ್ನ ಐಸಲ್ಲಿ ಇಟ್ಟು ಒಂದು ಗಂಟೆ ಒಳಗೆ ಯಂತ್ರದಲ್ಲಿ ತಿರುಗಿಸಿ ಕಣಗಳಿಂದ ಪ್ಲಾಸ್ಮಾ, ಅಂದ್ರೆ ರಕ್ತದ ತಿಳಿ ಭಾಗ, ಬೇರೆ ಮಾಡಿಸಿದಾಗ 13 ಬಂತು. ತಿರುಗಿಸೋಕೆ ಒಂದು ಸೆಂಟ್ರಿಫ್ಯೂಜು, ಒಂದು ಡಬ್ಬಿ ಐಸು. ತಾಲ್ಲೂಕು ಆಸ್ಪತ್ರೆಗಳಿಗೆ ಲಿಖಿತವಾಗಿ ಒಂದು ಸೂಚನೆ ಹೋದ್ರೆ ಸಾಕು. ಮೀಥೈಲ್‌ಮೆಲೋನಿಕ್ಕಿಗೆ ಈ ತೊಂದರೆ ಇಲ್ಲ, ಅದು ದಾರಿಯಲ್ಲಿ ಅಷ್ಟು ಬೇಗ ಕೆಡಲ್ಲ.

ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು 128ರ ಟ್ಯೂನಿಂಗ್ ಫೋರ್ಕ್ ಇರ್ಲಿ. ಶುಗರ್ ಕಾರ್ಡ್ ಇರೋರು ತಿಂಗಳ ಮಾತ್ರೆಗೆ ಬಂದಾಗ ವರ್ಷಕ್ಕೆ ಒಂದು ಸಲ ಚಪ್ಪಲಿ ಬಿಚ್ಚಿಸಿ ಗಂಟಿಗೆ ಇಟ್ಟು ನೋಡ್ಲಿ. ಕಾಲು ಜೋಮು ಅಂದ ತಕ್ಷಣ ಶುಗರ್ ಅಂತ ಫೈಲ್ ಮುಚ್ಚಬೇಡಿ, ಎರಡೂ ಒಟ್ಟಿಗೇ ಇರಬಹುದು, ಅದರಲ್ಲಿ ಒಂದು ವಾಸಿ ಆಗೋದು. ರಕ್ತಹೀನತೆಗೆ ದೊಡ್ಡ ಡೋಸ್ ಫೋಲಿಕ್ ಬರೆಯೋ ಮುಂಚೆ ಬಿ12 ಯೋಚನೆ ಮಾಡಿ. ಟೆಸ್ಟ್ ಆಗೋ ಪರಿಸ್ಥಿತಿ ಇಲ್ಲ, ಆದ್ರೆ ಅನುಮಾನ ಗಟ್ಟಿ ಇದೆ ಅಂದ್ರೆ ರಿಪೋರ್ಟಿಗೆ ಕಾಯದೆ ಇಂಜೆಕ್ಷನ್ ಶುರು ಮಾಡಿ, ನರ ಕಾಯಲ್ಲ.

ಊರಿನೋರಿಗೂ ಒಂದು ಮಾತು. ಸುಸ್ತು ಅಂತ ಕ್ಲಿನಿಕ್ಕಿಗೆ ಹೋಗಿ ಕೆಂಪು ಇಂಜೆಕ್ಷನ್ ಹಾಕಿಸ್ಕೊಂಡು ಬರ್ತೀವಲ್ಲ, ಆ ಕೆಂಪು ಬಣ್ಣನೇ ಬಿ12. ಅದು ಹಾಕಿಸ್ಕೊಂಡ ಮೇಲೆ ಟೆಸ್ಟ್ ಮಾಡಿಸಿದ್ರೆ ಬಿ12 ಆಕಾಶಕ್ಕೆ ಏರಿರುತ್ತೆ, ಕಟ್ಟಿಕೊಂಡಿದ್ದ ಹೋಮೋಸಿಸ್ಟೀನು ಮೀಥೈಲ್‌ಮೆಲೋನಿಕ್ಕು ಕೆಲವು ದಿನದಲ್ಲೇ ಇಳಿದುಬಿಡ್ತವೆ, ಡಾಕ್ಟರಿಗೆ ಏನೂ ಗೊತ್ತಾಗಲ್ಲ. ರಕ್ತ ಕೊಡೋದು ಮೊದಲು, ಸೂಜಿ ಆಮೇಲೆ. ಹಾಗೇ ಮೆಟ್‌ಫಾರ್ಮಿನ್ ಎಷ್ಟು ವರ್ಷದಿಂದ, ಗ್ಯಾಸ್ ಮಾತ್ರೆ ಎಷ್ಟು ವರ್ಷದಿಂದ, ಕೇಳದಿದ್ರೂ ನೀವೇ ಹೇಳಿ. ಹೋಮೋಸಿಸ್ಟೀನ್ ಜಾಸ್ತಿ ಇದ್ರೆ ನಾಳೇನೇ ಹಾರ್ಟ್ ಅಟ್ಯಾಕ್ ಅಂತ ಹೆದರಿಸಿ ದುಬಾರಿ ಡಬ್ಬ ಮಾರೋರೂ ಇದ್ದಾರೆ, ವಿಟಮಿನ್ ಕೊಟ್ಟು ಹೋಮೋಸಿಸ್ಟೀನ್ ಇಳಿಸಿದ್ರೂ ಹಾರ್ಟ್ ಅಟ್ಯಾಕ್ ಕಮ್ಮಿ ಆಗ್ಲಿಲ್ಲ ಅಂತ ದೊಡ್ಡ ಅಧ್ಯಯನಗಳಲ್ಲೇ ಬಂದಿದೆ. ಅದನ್ನ ಕೊರತೆ ತೋರಿಸೋ ಗುರುತು ಅಂತ ನೋಡಿ ಸಾಕು.

ಅವ್ವನಿಗೆ 1000 ಮೈಕ್ರೋಗ್ರಾಂ ಇಂಜೆಕ್ಷನ್ ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಈಗ ತಿಂಗಳಿಗೊಂದು. ಎರಡು ತಿಂಗಳಿಗೆ ಮೀಥೈಲ್‌ಮೆಲೋನಿಕ್ 0.3ಕ್ಕೆ ಇಳೀತು, ಹೋಮೋಸಿಸ್ಟೀನ್ 12. ರಕ್ತ ಬೇಗ ಸರಿ ಹೋಯ್ತು, ನರ ನಿಧಾನ. ಈಗ ಗಿರಣಿಗೆ ಹಿಟ್ಟಿಗೆ ಒಬ್ಬಳೇ ಹೋಗಿ ಬರ್ತಾಳೆ, ಮುಖ ತೊಳೆಯುವಾಗ ಗೋಡೆ ಹಿಡಿಯಲ್ಲ. ಹೋದ ಭಾನುವಾರ ಸ್ಕೂಲಿಂದ ಫೋರ್ಕ್ ತಂದಿದ್ದೆ, ನಮ್ಮ ಲ್ಯಾಬಿಂದು 256, ಡಾಕ್ಟರದ್ದಲ್ಲ, ಆದ್ರೂ ಮನಸ್ಸು ತಡೀಲಿಲ್ಲ. ಕಟ್ಟೆ ಮೇಲೆ ಕೂರಿಸಿ ಬಲಗಾಲಿನ ಹಿಮ್ಮಡಿ ಗಂಟಿಗೆ ಇಟ್ಟೆ, "ಬಂತು ಬಂತು, ಝುಂ ಅಂತು" ಅಂತ ಮಗು ಥರ ನಕ್ಕಳು. ಎಡಗಾಲಿಗೆ ಇಟ್ಟೆ. ಬಹಳ ಹೊತ್ತು ಕಣ್ಣು ಮುಚ್ಕೊಂಡೇ ಇದ್ದು ಆಮೇಲೆ "ತಣ್ಣಗೈತಿ" ಅಂದ್ಲು.

ನಿಮ್ಮ ಉತ್ತರಕ್ಕೆ ಕಾಯ್ತಿರ್ತೀನಿ.

ಇಂತಿ,
ದಾವಣಗೆರೆ ತಾಲ್ಲೂಕಿನ ಒಬ್ಬ ಹೈಸ್ಕೂಲ್ ಸೈನ್ಸ್ ಟೀಚರ್